ಬಡಗಿಯ ಶೆಡ್ಡಿಗೆ ಹೋದ ಜನರೇಟರು

ಕಾಲೇಜಿನಲ್ಲಿ ಅವಳನ್ನು ಎಲ್ಲರೂ ಚಡಪಡಿಕೆ ಮೇಡಂ ಎನ್ನುತ್ತಿದ್ದರು. ಪಾಠ ಮಾಡುವಾಗಲೂ ಒಂದು ಕಡೆ ನಿಂತವಳಲ್ಲ. ಪ್ರಯೋಗಾಲಯದಲ್ಲಂತೂ ಕೈಯಲ್ಲಿದ್ದ ಚಹಾ ತಣ್ಣಗಾಗುವವರೆಗೂ ಯಂತ್ರದ ಸುತ್ತ ಸುತ್ತುವವಳು. ಸಂಶೋಧನೆಗೆಂದು ಅವಳು ಕಟ್ಟಿದ ಜನರೇಟರಿನ ತಿರುಗುವ ಭಾಗದಲ್ಲಿ ತಂತಿಯೂ ಇಲ್ಲ, ಅಯಸ್ಕಾಂತವೂ ಇಲ್ಲ. ಬರೀ ಸೀಳು ಕೊರೆದ ಉಕ್ಕು. ಅದರಲ್ಲಿ ಅಳಿದುಳಿದ ಚೂರು ಕಾಂತಶಕ್ತಿಯನ್ನೇ ಹಿಡಿದು, ವಿದ್ಯುತ್ತನ್ನು ಹಿಡಿದಿಟ್ಟು ಬಿಡುವ ಕೆಪಾಸಿಟರುಗಳ ಆಸರೆಯಲ್ಲಿ, ಅದು ತಾನಾಗಿಯೇ ವಿದ್ಯುತ್ತು ಎಬ್ಬಿಸಿಕೊಳ್ಳಬೇಕು.

ಪ್ರಯೋಗಾಲಯದಲ್ಲಿ ಎಬ್ಬಿಸಿಕೊಂಡಿತು. ಅಷ್ಟಕ್ಕೆ ಅವಳಿಗೆ ಸಮಾಧಾನವಿಲ್ಲ. ತಂಗಿಯ ಗಂಡ ಬಡಗಿ. ಅವನ ಶೆಡ್ಡು ತೊರೆಯ ಪಕ್ಕದಲ್ಲಿ, ಕರೆಂಟು ಕಂಬ ತಲುಪದ ಜಾಗದಲ್ಲಿತ್ತು. ಅಲ್ಲಿನ ನೀರಿನ ಚಕ್ರಕ್ಕೆ ಜನರೇಟರು ಜೋಡಿಸಿ ಬಂದಳು. ದೀಪಗಳು ಹತ್ತಿದವು.

ಕೆಲವು ವಾರಗಳಲ್ಲೇ ತಂಗಿಯ ಫೋನು. “ಅಕ್ಕಾ, ನಿನ್ನ ಮೆಷೀನು ಕೈಕೊಡ್ತು. ಇವರು ಗರಗಸದ ಮೋಟಾರ್ ಹಾಕಿದ್ದೇ ತಡ, ದೀಪ ಎಲ್ಲ ಹೋಯ್ತು. ಚಕ್ರ ತಿರುಗ್ತಾನೇ ಇದೆ, ಕರೆಂಟೇ ಇಲ್ಲ!”

ಸಿಕ್ಕಿದ ಬಸ್ಸು ಹತ್ತಿ ಬಂದಳು. ಚಕ್ರ ನಿಲ್ಲಿಸಿ, ಬ್ಯಾಟರಿಯ ತಂತಿಯನ್ನು ಜನರೇಟರಿನ ತಿರುಗದ ಹೊರಭಾಗದ ಸುರುಳಿಗೆ ಅರೆಗಳಿಗೆ ಮುಟ್ಟಿಸಿ, ಮತ್ತೆ ನೀರು ಬಿಟ್ಟಳು. ಮೀಟರಿನ ಮುಳ್ಳು ನಿಧಾನಕ್ಕೆ ಮೇಲೇರಿತು.

“ಮೋಟಾರ್ ಹೊರಡುವಾಗ ಸಿಕ್ಕಾಪಟ್ಟೆ ಕರೆಂಟು ಎಳೆಯುತ್ತೆ. ಉಕ್ಕಲ್ಲಿದ್ದ ಕಾಂತಶಕ್ತಿನೂ ಹೋಗಿತ್ತು. ಲ್ಯಾಬಲ್ಲಿ ನಾನು ಬರೀ ಹೀಟರ್ ಹಾಕಿ ನೋಡಿದ್ದೆ. ಇದನ್ನ ವಾಪಸ್ ಒಯ್ತೀನಿ.”

ಬಡಗಿ ಬಾಗಿಲಿಗೆ ಅಡ್ಡ ನಿಂತ. “ಅತ್ತಿಗೆ, ಒಯ್ಯೋ ಮಾತು ಮಾತ್ರ ಬೇಡ. ದೀಪಕ್ಕೆ ಒಗ್ಗಿಹೋಗಿದೀವಿ.”

“ನೀನೇ ಇಲ್ಲಿರು,” ಎಂದಳು ತಂಗಿ. “ಬೆಳಗ್ಗೆ ಬಂದು ಸಂಜೆಗೆ ಓಡೋದು ಬಿಟ್ರೆ ನಮ್ಮನೇಲಿ ಯಾವತ್ತು ಉಳಿದಿದೀಯಾ?”

ಅವಳು ಕಾಲೇಜಿಗೆ ಫೋನು ಮಾಡಿದಳು. ರಜೆ ಹಾಕಿದಳು.

ಮರದ ಹೊಟ್ಟಿನ ನಡುವೆ ಮೀಟರು ಇಟ್ಟು, ಗರಗಸಕ್ಕೆ ಹೋಗುವ ತಂತಿಯಲ್ಲಿ ಒಂದೊಂದೇ ಕೆಪಾಸಿಟರ್ ಬದಲಿಸಿ ನೋಡತೊಡಗಿದಳು. ಒಂದಕ್ಕೆ ಮೋಟಾರು ಗುರುಗುಟ್ಟಿತು, ಇನ್ನೊಂದಕ್ಕೆ ದೀಪಗಳು ಕುಣಿದವು. ಊಟದ ನಡುವೆ ಎರಡು ಸಲ ಎದ್ದು ಓಡಿದವಳನ್ನು ತಂಗಿ ಕೈ ಹಿಡಿದು ಕೂರಿಸಿದಳು. “ತಟ್ಟೆ ಖಾಲಿ ಮಾಡಿ ಏಳು. ಚಕ್ರ ಎಲ್ಲೂ ಓಡಿಹೋಗಲ್ಲ.”

ಕೊನೆಗೊಂದು ಮಧ್ಯಾಹ್ನ ಗರಗಸ ಹೊರಟಿತು. ದೀಪಗಳು ಕುಗ್ಗಿ, ಸಾವರಿಸಿಕೊಂಡವು. ಬಡಗಿ ಒಂದು ಹಲಗೆ ಸೀಳಿದ, ಖುಷಿಗೆ ಇನ್ನೊಂದು ಸೀಳಿದ. ಅವಳು ಆಗಲೇ ಪೆಟ್ಟಿಗೆಯಲ್ಲಿ ಮತ್ತೊಂದು ಕೆಪಾಸಿಟರಿಗಾಗಿ ತಡಕುತ್ತಿದ್ದಳು.

“ನಿಲ್ಲಿಸಿ, ಇದೊಂದು ಹಾಕಿ ನೋಡೋಣ.”

ಅವನು ಅವಳ ಸ್ಕ್ರೂಡ್ರೈವರನ್ನು ತನ್ನ ಜೇಬಿಗಿಳಿಸಿದ. “ಸಾಕು ಅತ್ತಿಗೆ! ಇನ್ನು ಮುಟ್ಟಬೇಡಿ.”

ಅವಳಿಗೆ ಸಿಟ್ಟೂ ಬಂತು, ನಗುವೂ ಬಂತು. ಆ ಶೆಡ್ಡಿನ ಅಳತೆಗಳೇ ಮುಂದೆ ಅವಳ ಪ್ರಬಂಧದ ಮುಖ್ಯ ಅಧ್ಯಾಯವಾದವು. ಜನರೇಟರು ಅಲ್ಲೇ ಉಳಿಯಿತು. ಕಾಲೇಜಿಗೆ ಬೇರೆಯದನ್ನು ಕಟ್ಟಲು ಹಿಡಿದಳು. ತೊರೆಯ ನೀರು ಇಳಿದರೆ ಏನಾದೀತು ಎಂಬ ಹುಳು ತಲೆಗೆ ಹೊಕ್ಕಿದ್ದರಿಂದ, ಕಟ್ಟುವ ಕೆಲಸ ಮುಗಿಯುವ ಮೊದಲೇ ಮತ್ತೆ ತಂಗಿಯ ಊರಿನ ಬಸ್ಸು ಹತ್ತಿದಳು. ಈ ಸಲ ಅಲ್ಲಿ ಉಳಿದುಕೊಳ್ಳಲು ಬೇಕಾದ ಬಟ್ಟೆಯೂ ಚೀಲದಲ್ಲಿತ್ತು.