ಹೊಳೆಯಾಚೆಯ ಸಿನೆಮಾ

ಸಿನೆಮಾದ ಭಿತ್ತಿಪತ್ರ ಅಂಟಿಸುವವರಿಗೆ ಗೋಡೆಯ ಮೇಲಿರುವಷ್ಟು ಪ್ರೀತಿ ಓದುವವರ ಮೇಲೆ ಇರುವುದಿಲ್ಲ. ಶರಾವತಿಗೆ ಸೇತುವೆ ಇಲ್ಲದ ಆ ಕಾಲದಲ್ಲಿ, ಹೊಳೆಯ ತೆಂಕಣ ದಡವಾದ ನಮ್ಮ ಕಾಸರಕೋಡಿನ ದಕ್ಕೆಯ ಗೋಡೆಗೆ ಅವರು ಮೆತ್ತಿ ಹೋದ ಕಾಗದದಲ್ಲಿ ಸಿನೆಮಾದ ಹೆಸರಿಗಿಂತ ದಪ್ಪಕ್ಕೆ ‘ಶೀಘ್ರದಲ್ಲಿ’ ಎಂದು ಅಚ್ಚಾಗಿತ್ತು. ಮಳೆ ಬಂದು ಹೋಯಿತು, ಬಣ್ಣ ಇಳಿಯಿತು, ನಾಯಕಿಯ ಅರ್ಧ ಮುಖವನ್ನು ಒಂದು ಆಡು ಸಾವಕಾಶವಾಗಿ ಮೇಯ್ದಿತು. ಶೀಘ್ರ ಮಾತ್ರ ಇದ್ದಲ್ಲೇ ಇತ್ತು. ನೀವು ಎಂದಾದರೂ ದಿನವೂ ಒಂದೇ ಸುಳ್ಳನ್ನು ಓದಿ ಕೆಲಸಕ್ಕೆ ಇಳಿದಿದ್ದೀರಾ? ಹಾಗಾದರೆ ನನ್ನ ಸಂಕಟ ನಿಮಗೆ ಗೊತ್ತಾದೀತು.

ನಾನು ಆ ದಕ್ಕೆಯಿಂದ ಹೊನ್ನಾವರಕ್ಕೆ ಜನರನ್ನು ದಾಟಿಸುವ ಲಾಂಚಿನ ತಾಂಡೇಲ, ಎಂದರೆ ಚುಕ್ಕಾಣಿ ಹಿಡಿಯುವವನು. ಮೂರನೇ ಇಯತ್ತೆಗೇ ಶಾಲೆಗೆ ಶರಣೆಂದವನು. ಅದರ ವ್ಯಥೆಯೇನೂ ನನಗಿಲ್ಲ. ಮಾಮಲೇದಾರರಿಂದ ಹಿಡಿದು ಇಡಗುಂಜಿಗೆ ಹೋಗುವ ಯಾತ್ರಿಕರವರೆಗೆ ಯಾರೇ ಬರಲಿ, ಲಾಂಚು ಹತ್ತಿದ ಮೇಲೆ ನಾನು ಕೂರೆಂದಲ್ಲಿ ಕೂರಬೇಕು. ಇಂಥ ಸ್ವಾಭಿಮಾನಿಯನ್ನು ಮಕ್ಕಳ ಕಥೆಯೊಂದು ಮಣ್ಣುಗೂಡಿಸಿತು.

ನನ್ನ ಹೆಂಡತಿ ಗೌರಿ ಶಿರಾಲಿಯವಳು, ಏಳನೇ ಇಯತ್ತೆ ಓದಿದವಳು. ಮದುವೆಯಾಗಿ ಬರುವಾಗ ಟ್ರಂಕಿನಲ್ಲಿ ಸೀರೆಗಳ ನಡುವೆ ಒಂದು ಕಾದಂಬರಿ ತಂದಿದ್ದಳು. ಶಾಲೆಯಲ್ಲಿ ಬಹುಮಾನವಾಗಿ ಬಂದದ್ದು, ಹರೆಯಕ್ಕೆ ಕಾಲಿಡುವ ಮಕ್ಕಳಿಗೆಂದು ಬರೆದದ್ದು. ಅದರಲ್ಲಿ ಒಬ್ಬ ಅನಾಥ ಹುಡುಗಿ ತೆಂಗಿನ ಹೊಂಬಾಳೆಯ ಹಾಳೆಯನ್ನೇ ದೋಣಿ ಮಾಡಿಕೊಂಡು, ಹೊಳೆಯ ಮಂಜಿನ ಮೇಲೆ ತೇಲುತ್ತ ಆಕಾಶಕ್ಕೆ ಏರುತ್ತಾಳೆ. ಗೌರಿ ಸಂಜೆ ದೀಪ ಹಚ್ಚಿದ ಮೇಲೆ ನನಗೆ ಓದಿ ಹೇಳುತ್ತಿದ್ದಳು. ತಳದಲ್ಲಿ ಭಾರವಿಲ್ಲದ ದೋಣಿ ಮಗುಚುತ್ತದೆ ಎಂದು ನಾನು ತಕರಾರು ತೆಗೆದರೆ, “ಇದು ನಿಮ್ಮ ಲಾಂಚಲ್ಲ, ಸುಮ್ನೆ ಕೇಳಿ” ಎನ್ನುತ್ತಿದ್ದಳು. ಸುಮ್ಮನೆ ಕೇಳಿದೆ. ಕೇಳುತ್ತ ಕೇಳುತ್ತ, ಒಂದು ಸಂಜೆಯ ಓದು ತಪ್ಪಿದರೆ ಮೀನುಸಾರೂ ರುಚಿಸದ ಅವಸ್ಥೆಗೆ ಬಂದೆ. ಆ ಪುಸ್ತಕವೇ ಸಿನೆಮಾ ಆಗಿದೆ, ದೋಣಿ ಮೇಲೇರುವ ಭಾಗ ಬಣ್ಣದಲ್ಲಿದೆ ಎಂಬ ಸುದ್ದಿ ಬಂದಾಗ ನಮ್ಮ ಮನೆಯಲ್ಲಿ ಆದ ಸಂಭ್ರಮವನ್ನು ಏನೆಂದು ಬಣ್ಣಿಸಲಿ!

ಸಿನೆಮಾ ಮೊದಲು ಭಟ್ಕಳಕ್ಕೆ ಬಂತು. ಆಗ ಗೌರಿಗೆ ಬಸುರಿನ ಮೊದಲ ತಿಂಗಳುಗಳು. ಬಸ್ಸಿನ ಹೊಗೆ ನೆನೆದರೂ ಹೊಟ್ಟೆ ತೊಳಸುವ ಕಾಲ. ಹೋಗಲಿ, ಮುಂದಿನದು ನಮ್ಮ ಹೊನ್ನಾವರವೇ ಅಲ್ಲವೇ ಎಂದು ಸಮಾಧಾನಪಟ್ಟೆವು. ಒಂದು ದಿನ ರೀಲಿನ ಪೆಟ್ಟಿಗೆ ನನ್ನ ಲಾಂಚಿಗೇ ಬಂತು. ಮದುಮಗನನ್ನು ಇಳಿಸುವಷ್ಟು ಮರ್ಯಾದೆಯಿಂದ ಅದನ್ನು ಆಚೆ ದಡದಲ್ಲಿ ಇಳಿಸಿದೆ. ಪೆಟ್ಟಿಗೆ ಹೊನ್ನಾವರದ ಟಾಕೀಸಿನ ಕಡೆ ತಿರುಗಿಯೂ ನೋಡದೆ ಕುಮಟೆಯ ಬಸ್ಸು ಹತ್ತಿತು! ಆಮೇಲೆ ಎಲ್ಲೆಲ್ಲಿ ಅಲೆಯಿತೋ, ಅಂತೂ ಅದು ಹೊನ್ನಾವರಕ್ಕೆ ತಿರುಗಿ ಬರುವಷ್ಟರಲ್ಲಿ ಗೌರಿ ತುಂಬಿದ ಬಸುರಿ. ಹೊನ್ನಾವರದಲ್ಲಿ ಅದರ ಆಯುಷ್ಯ ಒಂದೇ ವಾರ. ವಾರ ಕಳೆದರೆ ಗೌರಿಯನ್ನು ಹೆರಿಗೆಗೆ ಕರೆದೊಯ್ಯಲು ಶಿರಾಲಿಯವರು ಬರುವವರಿದ್ದರು.

ನಡುವೆ ನಿಂತದ್ದು ಹೊಳೆ. ಹೊಳೆಗಿಂತ ಅಗಲವಾಗಿ ನಿಂತದ್ದು ನನ್ನ ಅವ್ವ. ಬಸುರಿ ಹೊಳೆ ದಾಟಬಾರದು ಎಂಬುದು ನಮ್ಮ ಕಡೆಯ ಕಟ್ಟು. ಊರಿಗೆ ಊರನ್ನೇ ದಾಟಿಸುವ ತಾಂಡೇಲನ ಹೆಂಡತಿಗೂ ಅದರಲ್ಲಿ ರಿಯಾಯಿತಿಯಿಲ್ಲ. ಆದರೆ ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ ಎಂಬುದೂ ಅದೇ ಅವ್ವನ ಶಾಸ್ತ್ರ. ಎಲ್ಲರ ಹೆಂಡಂದಿರಿಗೂ ಮಾವಿನಕಾಯಿಯ ಬಯಕೆ, ಏಡಿಯ ಬಯಕೆ. ನನ್ನವಳಿಗೆ ಸಿನೆಮಾದ ಬಯಕೆ.

“ಹೊಳಿ ದಾಟಿದ್ರೆ ಬಸುರಿಗೆ ಕೇಡು, ದಾಟದಿದ್ರೆ ಕಿವಿಗೆ ಕೇಡು. ಎಂತ ಮಾಡೂದು ಹೇಳು ಅವ್ವ,” ಎಂದೆ.

“ಸಿನೆಮಾನ ಈಚೆ ದಡಕ್ಕೆ ತಕಂಡು ಬಾ. ನಿನ್ನ ಹತ್ರ ಲಾಂಚಿಲ್ವಾ?” ಎಂದಳು ಅವ್ವ.

ಇಂಥವರೊಡನೆ ವಾದ ಮಾಡುವುದಕ್ಕಿಂತ ಸಮುದ್ರದ ಇಳಿತದಲ್ಲಿ ಹೊಳೆಬಾಯಿಯ ಅಳಿವೆ ದಾಟುವುದು ಸುಲಭ. ಆ ವಾರವಿಡೀ ನಾನು ಅನುಭವಿಸಿದ ಹಿಂಸೆಯನ್ನು ಶತ್ರುವಿಗೂ ಬಯಸಲಾರೆ. ಸಿನೆಮಾಕ್ಕೆಂದೇ ಕಾಸರಕೋಡಿನ ಜನ ಕಿಕ್ಕಿರಿದು ಹತ್ತುತ್ತಿದ್ದರು. ತಿರುಗಿ ಬರುವಾಗ ಕಥೆಯನ್ನು ನನ್ನ ಕಿವಿಗೇ ಸುರಿಯುತ್ತಿದ್ದರು. ಅವಳು ನೋಡುವ ಮೊದಲು ನಾನು ನೋಡುವುದಿಲ್ಲ, ಕೇಳುವುದೂ ಇಲ್ಲ ಎಂದು ಗೌರಿಗೆ ಮಾತು ಕೊಟ್ಟಿದ್ದೆ. “ಬಾಯಿ ಮುಚ್ಚಿ ಕೂರ್ರೋ!” ಎಂದು ಗದರಿದರೆ, “ತಾಂಡೇಲರಿಗೆ ಎಂತ ಆತು ಮಾರಾಯಾ? ಪುಕ್ಕಟೆ ಕಥೆಯೂ ಬ್ಯಾಡಂತೆ!” ಎಂದು ನಕ್ಕರು. ಅವರಲ್ಲಿ ಒಬ್ಬ, ಸಿನೆಮಾದಲ್ಲಿ ಭಯಂಕರ ರಾಕ್ಷಸನಿದ್ದಾನೆ ಎಂಬ ವರ್ತಮಾನವನ್ನು ಅವ್ವನಿಗೂ ಮುಟ್ಟಿಸಿದ. ಬಸುರಿ ಹೆದರುವಂಥದ್ದನ್ನು ನೋಡಬಾರದು. ಮೂರನೆಯ ಶಾಸ್ತ್ರವೂ ಎದ್ದು ಕುಳಿತಿತು.

ಗೌರಿ ಅಳಲಿಲ್ಲ, ಜಗಳಾಡಲಿಲ್ಲ. ಶಿರಾಲಿಗೆ ಒಯ್ಯುವ ಟ್ರಂಕನ್ನು ತೆಗೆದು, ಆ ಪುಸ್ತಕವನ್ನು ಎಲ್ಲಕ್ಕಿಂತ ಅಡಿಗೆ ಇಟ್ಟು, ಅದರ ಮೇಲೆ ಸೀರೆಗಳನ್ನು ಒಂದೊಂದಾಗಿ ಹೇರಿದಳು. ಅವ್ವ ಬಾಗಿಲಲ್ಲಿ ನಿಂತು ನೋಡಿದಳು. ಮರುದಿನ ಶನಿವಾರ, ಜೀವಮಾನದಲ್ಲಿ ಟಾಕೀಸಿನ ಹೊಸ್ತಿಲು ತುಳಿಯದ ಆ ಮುದುಕಿ ತಲೆ ಬಾಚಿ, ಎಲೆ ಅಡಿಕೆಯ ಚೀಲ ಸೊಂಟಕ್ಕೆ ಸಿಕ್ಕಿಸಿ ದಕ್ಕೆಗೆ ಬಂದಳು.

“ರಾಕ್ಷಸ ಎಷ್ಟು ದೊಡ್ಡವ ಅಂತ ನಾನೇ ನೋಡ್ಕಂಡು ಬತ್ತೆ. ಬಿಡು ಲಾಂಚು.”

ಮಧ್ಯಾಹ್ನದ ಆಟ ನೋಡಿ ಬಂದವಳು ಲಾಂಚಿನಲ್ಲಿ ಆಕಾಶವನ್ನೇ ನೋಡುತ್ತ ಕುಳಿತಳು. ಮನೆಗೆ ಬಂದು ಕಾಲು ತೊಳೆದಳು, ಚಾ ಕುಡಿದಳು, ಎಲೆ ಹಾಕಿದಳು. ಗೌರಿಗೆ ತಡೆಯಲಾಗಲಿಲ್ಲ.

“ಅತ್ತೇ, ಎಂತ ಇತ್ತು ಹೇಳಿ.”

“ದೋಣಿ ಮೇಲೆ ಹೋತು ತಂಗಿ.”

“ಮೇಲೆ ಅಂದ್ರೆ?”

“ಮೇಲೆ ಅಂದ್ರೆ ಮೇಲೆ! ಬಣ್ಣ ಬಂತು, ಮತ್ತೆ...” ಅವ್ವನ ಕೈಗಳು ಗಾಳಿಯಲ್ಲಿ ಎದ್ದು, ಏನೂ ಸಿಗದೆ, ಮಡಿಲಿಗೆ ಬಿದ್ದವು. “ಥೋ, ಅದು ಹೇಳೂಕೆ ಬರೂದಿಲ್ಲ. ನೋಡ್ಕಂಡೇ ಗೊತ್ತಾಗಬೇಕು. ನಾಳೆ ಹೋಗ್ವ.”

“ಹೊಳಿ?” ಎಂದೆ ನಾನು.

“ದಾಟಬಾರ್ದು ಅಂದದ್ದು ನಾನೇ ಅಲ್ದಾ? ದಾಟು ಅನ್ನೂಕೂ ನಾನೇ ಬೇಕು. ಹೊಳಿಗೆ ಒಂದು ಕಾಯಿ ಬಿಟ್ಟು ಹೇಳ್ಕಂತೆ. ರಾಕ್ಷಸ ಬರೂ ಹೊತ್ತಿಗೆ ಅವಳ ಕಣ್ಣು ಮುಚ್ಚೂಕೆ ನಾ ಇದ್ದೆ. ಆದ್ರೆ ತಮ್ಮ, ಲಾಂಚು ಅಲ್ಲಾಡಬಾರ್ದು, ನೋಡು.”

ಭಾನುವಾರ, ಕೊನೆಯ ದಿನ. ಅವ್ವ ಕಾಯಿಯನ್ನು ನೀರಿಗೆ ಬಿಟ್ಟು ಹೊಳೆಯೊಡನೆ ಏನೇನೋ ಮಾತಾಡಿಕೊಂಡಳು, ಅಷ್ಟರಲ್ಲೇ ಹೊತ್ತಾಯಿತು. ಆಚೆ ದಕ್ಕೆಯ ಮಗ್ಗುಲಲ್ಲೇ ಇದ್ದ ಟಾಕೀಸಿನವರು ಆಟಕ್ಕೆ ಮುಂಚೆ ದೇವರ ಪದದ ಗ್ರಾಮಫೋನ್ ಪ್ಲೇಟನ್ನು ಲೌಡ್‌ಸ್ಪೀಕರಿನಲ್ಲಿ ಹಾಕುತ್ತಿದ್ದರು. ಅದು ಮುಗಿದರೆ ಬಾಗಿಲು ಹಾಕಿದರೆಂದೇ ಲೆಕ್ಕ. ನಾವು ನಡುಹೊಳೆಯಲ್ಲಿದ್ದಾಗ ಆ ಪದ ನೀರಿನ ಮೇಲಿಂದ ತೇಲಿ ಬಂತು. “ತಾಂಡೇಲರೇ, ಇದು ಲಾಂಚೋ ಹಸುಗೂಸಿನ ತೊಟ್ಟಿಲೋ?” ಎಂದು ಜನ ಕೂಗಿದರು. “ಅವಸರ ಇದ್ದವರು ಈಜಿ ಹೋಗಿ!” ಎಂದಳು ಅವ್ವ. ಒಂದು ಕಡೆ ಸಮುದ್ರದಿಂದ ಏರಿ ಬರುವ ಭರತದ ನೀರು, ಇನ್ನೊಂದು ಕಡೆ ಮುಗಿಯುತ್ತ ಬಂದ ದೇವರ ಪದ, ಮುಂದೆ ಎರಡೂ ಕೈಯಿಂದ ಹೊಟ್ಟೆ ಹಿಡಿದು ಆಚೆ ದಡವನ್ನೇ ನುಂಗುವಂತೆ ನೋಡುತ್ತ ಕುಳಿತ ಗೌರಿ. ಅಷ್ಟು ವರ್ಷ ಆ ಹೊಳೆಯಲ್ಲಿ ಚುಕ್ಕಾಣಿ ಹಿಡಿದವನು ಅಂದು ಹೊಸಬನಂತೆ ಒಂದೊಂದೇ ಅಲೆಯನ್ನು ಎಣಿಸಿದೆ. ಅಲೆಯನ್ನು ಅಡ್ಡ ತಾಗಗೊಡದೆ, ಓರೆಯಾಗಿ ಏರಿಸಿ ಇಳಿಸಿ, ಪದದ ಕೊನೆಯ ಸಾಲು ಇನ್ನೂ ಉಳಿದಿರುವಾಗಲೇ ದಕ್ಕೆಗೆ ತಾಗಿಸಿದೆ. ಅತ್ತೆ ಸೊಸೆಯರು ಕೈ ಹಿಡಿದುಕೊಂಡು ಹೋದರು. ನನ್ನ ಕಡೆ ಒಬ್ಬರೂ ತಿರುಗಲಿಲ್ಲ. ಅದು ಕೆಲಸದ ಹೊತ್ತು. ಮುಂದಿನ ಜನ ಆಗಲೇ ಹತ್ತುತ್ತಿದ್ದರು.

ಸಂಜೆ ಇಬ್ಬರೂ ಬಂದರು. ಗೌರಿಯ ಕೆನ್ನೆ ಕೆಂಪಾಗಿತ್ತು. ಹೇಗಿತ್ತು ಎಂದು ಕೇಳಲು ನಾನು ಬಾಯಿ ತೆರೆಯುವ ಮೊದಲೇ ಸಿಡಿದಳು: “ನೀರುಕಾಗೆನೇ ಇಲ್ಲ! ಪುಸ್ತಕದಲ್ಲಿ ಅವಳಿಗೆ ಆಕಾಶದ ದಾರಿ ತೋರ್ಸೂದೇ ಅದು.”

“ಕಾಗೆ ಎಂತಕ್ಕೆ ತಂಗಿ? ದೋಣಿ ಹೋತಲ್ಲ!”

“ದಾರಿ ತೋರ್ಸದೆ ಹೇಂಗೆ ಹೋತದೆ ಅತ್ತೆ? ನೀವೇ ಹೇಳಿ, ಕಾಗೆ ಬೇಕಾ ಬ್ಯಾಡ್ವಾ?”

ಈ ಕೊನೆಯ ಪ್ರಶ್ನೆ ನನಗೆ. ಬೇಕು ಎಂದೆ. “ನೀ ಎಂತ ನೋಡಿದ್ದೆ ಹೇಳೂಕೆ?” ಎಂದು ಅವ್ವ ನನ್ನ ಮೇಲೆ ತಿರುಗಿಬಿದ್ದಳು. ಇಡೀ ಊರನ್ನು ಆ ಸಿನೆಮಾಕ್ಕೆ ಮುಟ್ಟಿಸಿದವನು ನಾನು. ಇಂದಿನವರೆಗೂ ಅದನ್ನು ನೋಡದವನೂ ನಾನೊಬ್ಬನೇ. ಕಾಯುವುದು ನನ್ನ ಪಾಲಿಗೆ, ನೋಡುವುದು ಅವರ ಪಾಲಿಗೆ ಎಂದು ಹಂಚಿಕೆಯಾಗಿದ್ದರೆ ಅದರಲ್ಲಿ ನನಗೇನೂ ಮೋಸವಾಗಲಿಲ್ಲ ಎಂದು ಈಗೀಗ ಅನ್ನಿಸುತ್ತದೆ. ಹೊಂಬಾಳೆಯ ದೋಣಿ ನನಗೆ ಇನ್ನೂ ಮಗುಚದೆ ಏರುತ್ತಲೇ ಇದೆ.

ಮನೆಗೆ ಹೋದದ್ದೇ ಅವ್ವ, “ಆ ಪುಸ್ತಕ ತೆಗಿ. ಅದೆಂಥ ಕಾಗೆ ಅಂತ ಕೇಳ್ವ,” ಎಂದಳು. ಗೌರಿ ಸೀರೆಗಳನ್ನೆಲ್ಲ ಎತ್ತಿ ಹೊರಗೆ ಹಾಕಿ, ಮೊದಲ ಪುಟದಿಂದ ಹಿಡಿದಳು. ಮರುದಿನ ಕರೆದೊಯ್ಯಲು ಶಿರಾಲಿಯವರು ಬಂದಾಗ ಪುಸ್ತಕದಲ್ಲಿ ಕಾಗೆ ಇನ್ನೂ ಮೊಟ್ಟೆಯೊಡೆದು ಹೊರಗೆ ಬಂದಿರಲಿಲ್ಲ. ಬಸ್ಸಿಗೆ ಹೊತ್ತಾಯಿತು ಎಂದು ಅವರು ಜಗಲಿಯಲ್ಲಿ ಕುಳಿತು ಗೊಣಗುತ್ತಿದ್ದರು. “ಮುಂದಿನ ಬಸ್ಸಿಗೆ ಹೋದ್ರೆ ಆತು, ಸ್ವಲ್ಪ ಬಾಯಿ ಮುಚ್ಚಿ ಕೂರಿ,” ಎಂದು ಅವ್ವ ಒಳಗಿಂದಲೇ ಗದರಿ, “ನೀ ಓದು ತಂಗಿ,” ಎಂದಳು.