ಏಳರ ಮಗ್ಗಿ ಮತ್ತು ಅಜ್ಜನ ಊಟ

ಮೊನ್ನೆ ಕೆಳಗಿನ ಮನೆಯ ಝೊಹರಾ ಮಗಳನ್ನು ಕೈಹಿಡಿದು ಕರೆತಂದು, "ಅಕ್ಕಾ, ಇವಳಿಗೆ ಮಗ್ಗಿಯೇ ಬರುವುದಿಲ್ಲ. ಒಳ್ಳೆಯ ಆಪ್ ಯಾವುದಾದರೂ ಉಂಟಾ?" ಎಂದು ಕೇಳಿದಳು. ನನ್ನ ಒಲೆಯ ಮೇಲೆ ಹೆಸರುಕಾಳಿನ ಗಸಿ ಕುದಿಯುತ್ತಿತ್ತು. ಆ ಪರಿಮಳಕ್ಕೂ ಮಗ್ಗಿಗೂ ಏನು ಸಂಬಂಧ ಅನ್ನುತ್ತೀರಾ? ಹಿಂದೆ ಊರಲ್ಲಿ, ನಮ್ಮ ಪುತ್ತಿಗೆಯ ಮನೆಯಲ್ಲಿ ಎರಡೂ ಒಂದೇ ಹೊತ್ತಿಗೆ ನಡೆಯುತ್ತಿದ್ದವು.

ನಾವು ಜೈನರು. ಸೂರ್ಯ ಮುಳುಗುವ ಮೊದಲು ಊಟ ಮುಗಿಯಬೇಕು. ನಾನು ಪೇಟೆಗೆ ಹೋದಾಗ ರಾತ್ರಿ ಮಸಾಲೆದೋಸೆ ತಿಂದದ್ದುಂಟು, ಸುಳ್ಳು ಯಾಕೆ ಹೇಳಲಿ. ಮಾವನವರದ್ದು ಮಾತ್ರ ಕಟ್ಟುನಿಟ್ಟು. ಬೆಳಕು ಹೋಯಿತೆಂದರೆ ಮರುದಿನದವರೆಗೆ ತಟ್ಟೆ ಮುಟ್ಟುವವರಲ್ಲ.

ಮಗಳು ಆಗ ಮೂರನೇ ಕ್ಲಾಸು. ಏಳರ ಮಗ್ಗಿಗೆ ಬಂದು ಕೂತುಬಿಟ್ಟಿದ್ದಳು. ಚಾಕಲೇಟು ಕೊಟ್ಟೆ, ಕಣ್ಣು ದೊಡ್ಡದು ಮಾಡಿದೆ, ಗೋಡೆಗೆ ಬಣ್ಣದ ಚಾರ್ಟು ಅಂಟಿಸಿದೆ. ಚಾರ್ಟು ನನಗೆ ಬಾಯಿಪಾಠವಾಯಿತು. ಅವಳು ಒಂದು ಸಂಜೆ, "ಅಮ್ಮ, ನಂಗೆ ತಲೆ ಇಲ್ಲ, ಬಿಡು" ಎಂದಳು.

ಅದು ಮಾವನ ಕಿವಿಗೂ ಬಿತ್ತು. ಅವಳನ್ನು ಜಗಲಿಯಲ್ಲಿ ಪಕ್ಕಕ್ಕೆ ಕೂರಿಸಿಕೊಂಡು, "ತಲೆ ಉಂಟಾ ಇಲ್ವಾ ನೋಡುವ. ನೀನು ಏಳರದ್ದು ಮುಗಿಸಿದ ಮೇಲೆಯೇ ನನ್ನ ಊಟ" ಎಂದರು.

ಏಳೇಳ್ಲ ನಲವತ್ತೊಂಬತ್ತರ ತನಕ ಗಾಡಿ ಚೆನ್ನಾಗಿಯೇ ಓಡಿತು. ಏಳೆಂಟ್ಲ ಎನ್ನುವಲ್ಲಿ ನಿಂತಿತು. ಅಂಗಳದ ಬಿಸಿಲು ಆಗಲೇ ಹೆಂಚಿನ ಮಾಡಿನ ತುದಿಗೆ ಹತ್ತಿತ್ತು. ನಾನು ಬಾಗಿಲ ಸಂದಿಯಿಂದ "ಐವ..." ಎನ್ನುವಷ್ಟರಲ್ಲಿ ಮಾವ, "ನಿನ್ನನ್ನು ಯಾರು ಕೇಳಿದ್ದು ಮಾರಾಯ್ತಿ?" ಎಂದರು. ಮೊದಲು ಊಟ ಮಾಡಿ, ಮತ್ತೆ ಹೇಳಿಸುವ ಎಂದು ನಾನು ಹೇಳಿದರೂ ಕೇಳಲಿಲ್ಲ. "ಮಗುವಿಗೆ ಮಾತು ಕೊಟ್ಟಾಗಿದೆ" ಎಂದುಬಿಟ್ಟರು.

ಮಗಳು ಆಕಾಶ ನೋಡಿದಳು, ಅಜ್ಜನ ಮುಖ ನೋಡಿದಳು. ಆಮೇಲೆ ಬೆರಳು ಮಡಚುತ್ತಾ, "ನಲವತ್ತೊಂಬತ್ತು... ಐವತ್ತು, ಐವತ್ತೊಂದು..." ಎಂದು ತಾನೇ ಏಳು ಸೇರಿಸಿಕೊಂಡಳು. ಐವತ್ತಾರು ಸಿಕ್ಕಿತು. ಹಾಗೆಯೇ ಅರವತ್ತಮೂರೂ ಸಿಕ್ಕಿತು. ಎಪ್ಪತ್ತು ಎನ್ನುವಾಗ ಸೂರ್ಯ ಮುಳುಗಿಯಾಗಿತ್ತು. ಮಾವನ ಪಾಲಿನ ಗಸಿ ಪಾತ್ರೆಯಲ್ಲೇ ಉಳಿಯಿತು.

ಅವಳು ಅಳತೊಡಗಿದಳು. ಮಾವ, "ತಲೆ ಉಂಟಲ್ಲ ಮತ್ತೆ? ನಾಳೆ ಎಂಟರದ್ದು. ಸ್ವಲ್ಪ ಬೇಗ ಶುರು ಮಾಡುವ" ಎಂದರು.

ಮರುದಿನ ಶಾಲೆಯಿಂದ ಬಂದವಳು ಬ್ಯಾಗು ಕೂಡ ಇಳಿಸಲಿಲ್ಲ. ಗೇಟಿನಿಂದಲೇ ಎಂಟರ ಮಗ್ಗಿ ಹೇಳುತ್ತಾ ಬಂದು, ಎಂಬತ್ತು ಮುಗಿದದ್ದೇ, "ಅಜ್ಜ, ಈಗ ಉಣ್ಣಿ" ಎಂದಳು. ಗಂಟೆ ಇನ್ನೂ ನಾಲ್ಕು. ಮಾವ ಕೈ ತೊಳೆದು ಕೂತರು. ನನಗೆ ನಗು ಬಂತು; ಬಡಿಸುವಾಗ ಕಣ್ಣೂ ಒದ್ದೆಯಾಯಿತು.

ಝೊಹರಾಳಿಗೆ, "ಆಪ್ ಎಲ್ಲ ನನಗೆ ಗೊತ್ತಿಲ್ಲ, ಸಂಜೆ ಮಗುವನ್ನು ಕಳಿಸು" ಎಂದೆ. ನಿನ್ನೆ ಆ ಹುಡುಗಿ ಆರೆಂಟ್ಲ ಎಂದು ನಿಂತಳು. ನಲವತ್ತೆಂಟು ನನ್ನ ನಾಲಿಗೆಯ ತುದಿಗೇ ಬಂದಿತ್ತು, ನುಂಗಿಕೊಂಡೆ. ಈಗ ನಾನೂ ಬೆಳಕಿರುವಾಗಲೇ ಉಣ್ಣುವವಳು; ನಿನ್ನೆ ಇನ್ನೂ ಉಂಡಿರಲಿಲ್ಲ. ಹೊರಗೆ ಕತ್ತಲಾಗುತ್ತಾ ಬಂತು, ಅವಳು ನಿಧಾನಕ್ಕೆ ಬೆರಳು ಮಡಚುತ್ತಿದ್ದಳು. ಊಟದ ವಿಷಯ ನಾನು ಎತ್ತಲಿಲ್ಲ.