ನಲವತ್ತು ಗುಂಟೆಗೊಂದು ಎಕರೆ

ಕಂಪ್ಲಿಯಲ್ಲಿ ಮೋಟಾರ್ ರಿಪೇರಿ ಅಂಗಡಿ ನಡೆಸುವ ತ್ರಿವೇಣಿಯದು ಒಂದೇ ಹಠ: ಕೆಟ್ಟದ್ದು ಯಾಕೆ ಕೆಟ್ಟಿತೆಂದು ತಿಳಿಯುವ ತನಕ ಅವಳಿಗೆ ಅನ್ನ ಸೇರುವುದಿಲ್ಲ. ಕಾಯಿಲ್ ಸುತ್ತುವುದನ್ನು ಅಪ್ಪನಿಂದ ಕಲಿತಳು. ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ತಾನೇ ಕಲಿತಳು. ಎಮ್ಮಿಗನೂರಿನ ಐದು ಮನೆಯವರು ಕೂಡಿ ಹಾಕಿಸಿದ ಪಂಪಿಗೆ ಒಂದು ಪೆಟ್ಟಿಗೆ ಮಾಡಿಕೊಟ್ಟವಳೂ ಅವಳೇ. ಯಾರ ಗದ್ದೆ ಎಷ್ಟೆಂದು ಬರೆದಿಟ್ಟರೆ ಸಾಕು, ಎಕರೆಗೆ ಎಂಬತ್ತು ನಿಮಿಷದಂತೆ ಪೆಟ್ಟಿಗೆಯೇ ಸರದಿ ಪ್ರಕಾರ ನೀರು ಬಿಡುತ್ತದೆ.

ಪೆಟ್ಟಿಗೆ ಕೂರಿಸಿದ ಮೊದಲ ಸರದಿಯಲ್ಲೇ, ಆ ಐವರಲ್ಲಿ ಒಬ್ಬಳಾದ ಹೊಳೆಮ್ಮನ ಗದ್ದೆಯ ಕೊನೆಯ ಮಡಿಗೆ ನೀರೇ ಮುಟ್ಟಲಿಲ್ಲ. ಬದುವಿನಾಚೆ ಪಂಪಮ್ಮನ ಎರಡು ಎಕರೆ ತುಂಬಿ ನಿಂತಿತ್ತು. ಇನ್ನೇನು ಬೇಕು! ಹೊಳೆಮ್ಮ ನಾಲ್ಕು ಜನರ ಮುಂದೆ ಪಂಪಮ್ಮನನ್ನು ನೀರುಗಳ್ಳಿ ಎಂದಳು. ಹಿರಿಯ ಕೊಟ್ರಬಸಪ್ಪ, ಸೋಮವಾರದಿಂದ ಪಂಪಮ್ಮನ ಸರದಿ ತೆಗೆದುಬಿಡುವುದೆಂದ.

ತ್ರಿವೇಣಿ ಪೆಟ್ಟಿಗೆಯ ಲೆಕ್ಕ ತೆಗೆದು ನೋಡಿದಳು. ಹೊಳೆಮ್ಮನದು ಒಂದು ಎಕರೆ ಮೂವತ್ತು ಗುಂಟೆ. ಊರವರ ರೂಢಿಯಂತೆ 1.30 ಎಂದು ತಾನೇ ಬರೆದಿದ್ದಳು. ಹಾಳು ಯಂತ್ರಕ್ಕೆ ಗುಂಟೆ ಏನು ಗೊತ್ತು? ಎಕರೆಯ ಮೇಲೆ ಹತ್ತರಲ್ಲಿ ಮೂರು ಪಾಲು ಎಂದು ಓದಿಕೊಂಡಿತ್ತು. ನಲವತ್ತು ಗುಂಟೆಗೊಂದು ಎಕರೆಯಾದರೆ ಮೂವತ್ತು ಗುಂಟೆ ಮುಕ್ಕಾಲು ಎಕರೆ. ನೂರಾ ನಲವತ್ತು ನಿಮಿಷ ಹರಿಯಬೇಕಾದ ನೀರು ನೂರಾ ನಾಲ್ಕಕ್ಕೇ ನಿಂತಿತ್ತು. ಉಳಿದವರದೆಲ್ಲ ಪೂರ್ತಿ ಎಕರೆ, ಅವರಿಗೆ ಏನೂ ಆಗಿರಲಿಲ್ಲ.

"1.75 ಅಂತ ತಿದ್ದು, ಜಲ್ದಿ ಮುಗಿತೈತಿ" ಎಂದ ಗಂಡ ತಿಪ್ಪೇಶ್.

"ಬ್ಯಾಡ. ಎಪ್ಪತ್ತೈದು ಗುಂಟಿ ಎಲ್ಲಿಂದ ಬಂತು ಅಂತ ಮತ್ತೊಂದು ಜಗಳ ಆಗ್ತೈತಿ" ಎಂದಳು ತ್ರಿವೇಣಿ.

ಎರಡು ದಿನ ಅಂಗಡಿಯ ಶೆಟರ್ ಅರ್ಧ ಎಳೆದುಕೊಂಡು ಕುಳಿತಳು. ಭಾಷೆಯಲ್ಲಿ ಮೊದಲೇ ಇದ್ದ ಸಂಖ್ಯೆಗಳನ್ನು ಬಿಟ್ಟು, 'ಜಮೀನು' ಎಂಬ ತನ್ನದೇ ಒಂದು ಬಗೆಯ ಸಂಖ್ಯೆ ಕಟ್ಟಿದಳು. ಅದರೊಳಗಿರುವುದು ಬರೀ ಗುಂಟೆ. ಕೂಡಿಸಿದರೆ ನಲವತ್ತಕ್ಕೊಂದು ಎಕರೆ ಏರಬೇಕು, ತೋರಿಸುವಾಗ 1-30 ಎಂದೇ ತೋರಿಸಬೇಕು. ದಶಾಂಶದ ಸಂಖ್ಯೆಯನ್ನು ಯಾರಾದರೂ ತಂದು ಬೆರೆಸಿದರೆ ಪ್ರೋಗ್ರಾಂ ತಯಾರಾಗಲೇಕೂಡದು. ಹಾಗೆ ಕಟ್ಟಿದ್ದೇ ತಡ, ಪ್ರೋಗ್ರಾಮಿನಲ್ಲಿ ಅವಳೇ ಬರೆದ ಹಳೆಯ ಸಾಲುಗಳು ತಕರಾರು ತೆಗೆದವು. ಹನ್ನೊಂದು ಕಡೆ ತಪ್ಪು. ಹಲ್ಲು ಕಚ್ಚಿ ಹನ್ನೊಂದನ್ನೂ ತಿದ್ದಿದಳು.

ಸೋಮವಾರ ಎಲ್ಲರೂ ಪಂಪಿನ ಹತ್ತಿರ ಸೇರಿದರು. ಮೊದಲ ಸರದಿ ಹೊಳೆಮ್ಮನದು. ನೀರು ಕೊನೆಯ ಮಡಿಯನ್ನೂ ತುಂಬಿತು.

"ಮುಟ್ತಲ್ಲ, ಸುಮ್ನ ನಡಿ. ಯಾರಿಗೂ ಗೊತ್ತಿಲ್ಲ" ಎಂದು ತಿಪ್ಪೇಶ್ ಪಿಸುಗುಟ್ಟಿದ.

ತ್ರಿವೇಣಿಗೆ ನಾಚಿಕೆಯಿಂದ ಮುಖ ಸುಡುತ್ತಿತ್ತು. ಆದರೂ ಕೊಟ್ರಬಸಪ್ಪನ ಎದುರಿಗೆ ಹೋಗಿ ನಿಂತಳು. "ಪಂಪಕ್ಕನ ಸರದಿ ತೆಗೀಬ್ಯಾಡ್ರಿ. ಅಕಿ ಕದ್ದಿಲ್ಲ. ಲೆಕ್ಕ ತಪ್ಪಿದಾಕಿ ನಾನು."

ಪಂಪಮ್ಮ ಹೊಳೆಮ್ಮನ ಕಡೆ ತಿರುಗಿದಳು. ಹೊಳೆಮ್ಮ ನೆಲ ನೋಡುತ್ತ, "ನಂದೂ ತಪ್ಪಾತಕ್ಕ" ಎಂದು ಗೊಣಗಿದಳು.

"ಕಳ್ಳಿ ಅನ್ನಾಗ ದನಿ ಹಿಂಗಿದ್ದಿಲ್ಲ" ಎಂದಳು ಪಂಪಮ್ಮ.

ಹೊಳೆಮ್ಮ ತಲೆ ಎತ್ತಿ, ಎಲ್ಲರಿಗೂ ಕೇಳುವ ಹಾಗೆ ಇನ್ನೊಮ್ಮೆ ಹೇಳಿದಳು.